ನೆರೆಹೊರೆಯೂ ನಮ್ಮ ಹೆಣ್ಣುಮಕ್ಕಳ ದೇಹವ್ಯಾಯಾಮವೂ

ಹೈಸ್ಕೂಲಿನ ಕಡೆಯ ತರಗತಿಯವರೆಗೂ ಮೈದಾನದಲ್ಲಿ ಜಿಂಕೆಯಂತೆ ಓಡುತ್ತಿದ್ದ ಬಾಲಿಕೆಯು ಶಾಲೆಯನ್ನು ಬಿಟ್ಟ ಒಂದೆರಡು ವರ್ಷಗಳೊಳಗಾಗಿ ಓಟವನ್ನೇ ಮರೆತುಬಿಡುವುದೇಕೆ? ಈ ಪ್ರಶ್ನೆಯನ್ನು ತಾಯಿತಂದೆಗಳೂ ಉಪಾಧ್ಯಾಯಿನಿಯರೂ ಆಗಾಗ್ಗೆ ಕೇಳಿಕೊಳ್ಳುವುದುಂಟು. ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. “ಹುಡುಗಿಗೆ ಸೋಮಾರಿತನ ಬಂದಿತು” ಎಂಬುದು ಒಂದು; “ವಯಸ್ಸಿಗೆ ಬಂದವಳಿಗೆ ಓಟವೇಕೆ?” ಎಂಬುದು ಮತ್ತೊಂದು. ಮೊದಲನೆಯದು ತಪ್ಪನ್ನೆಲ್ಲ ಹುಡುಗಿಯ ತಲೆಯ ಮೇಲೆ ಹೊರಿಸುವುದು. ಎರಡನೆಯದು ಪ್ರಶ್ನೆಯನ್ನೇ ತಳ್ಳಿಹಾಕುವುದು.

ಈ ಪಾಠದಲ್ಲಿ ನಾವು ಬೇರೊಂದು ಉತ್ತರವನ್ನು ವಾಚಕರ ಮುಂದಿಡಬಯಸುತ್ತೇವೆ. ದೇಹದ ಚಲನೆಯು ಒಬ್ಬೊಬ್ಬರ ಸಂಕಲ್ಪದಿಂದ ಮಾತ್ರವೇ ನಡೆಯತಕ್ಕುದಲ್ಲ. ಮನೆಯ ಮುಂದಣ ಬೀದಿ, ಊರಿನ ಬಯಲು, ನೆರೆಯವರ ಮಾತು, ಜೊತೆಗಾತಿಯರ ಸಂಗ ಇವುಗಳ ಆಶ್ರಯದಲ್ಲಿ ಅದು ಬೆಳೆಯುವುದು. ಇವುಗಳು ಕೈಬಿಟ್ಟಲ್ಲಿ ಬಾಡುವುದು. ಆದುದರಿಂದ ಹೆಣ್ಣುಮಕ್ಕಳ ಆರೋಗ್ಯವನ್ನು ಕೋರುವವರು ಹುಡುಗಿಗೆ ಬುದ್ಧಿ ಹೇಳುವುದಕ್ಕೆ ಮೊದಲು ಆಕೆಯ ಬೀದಿಯನ್ನು ಪರೀಕ್ಷಿಸಬೇಕು. ಉದಾಹರಣೆಗಾಗಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ತಲಕಾಡಿಗೆ ಸಮೀಪವಾಗಿರುವ ಹೆಮ್ಮಿಗೆಯ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಇಲ್ಲಿ ಹೇಳುವ ಸಂಗತಿಗಳನ್ನು ವಾಚಕರು ತಮ್ಮ ತಮ್ಮ ಊರಿಗೆ ಹೋಲಿಸಿ ನೋಡಬಹುದು.

೧. ದೇಹಕ್ಕೆ ಬೇಕಾದ ಚಲನೆಯ ಪ್ರಮಾಣ

ಮೊದಲು ಪ್ರಮಾಣವನ್ನು ತಿಳಿದುಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಸೂಚನೆಗಳ ಮೇರೆಗೆ, ೫ ರಿಂದ ೧೭ ವರ್ಷ ವಯಸ್ಸಿನ ಮಕ್ಕಳು ದಿನವೊಂದಕ್ಕೆ ಸರಾಸರಿ ೬೦ ನಿಮಿಷಗಳ ಕಾಲ ಉಸಿರು ಬಿರುಸಾಗುವಂತೆ ಓಡಿಯಾಡಬೇಕು. ವಯಸ್ಕರು ವಾರವೊಂದಕ್ಕೆ ೧೫೦ ರಿಂದ ೩೦೦ ನಿಮಿಷಗಳ ಕಾಲ ಮಧ್ಯಮ ತರದ ಶ್ರಮವನ್ನು ಮಾಡಬೇಕು. ಮಧ್ಯಮ ತರವೆಂದರೆ ಬಿರುಸಿನ ನಡಿಗೆಯಂತಹುದು. ನಡೆಯುತ್ತಾ ಮಾತನಾಡುವುದು ಸಾಧ್ಯವಾಗಬೇಕು, ಹಾಡುವುದು ಕಷ್ಟವಾಗಬೇಕು. ವಾರದಲ್ಲಿ ಐದು ದಿನ ದಿನಕ್ಕೆ ಅರ್ಧ ಗಂಟೆ ನಡೆದರೆ ೧೫೦ ನಿಮಿಷಗಳಾದುವು. ಲೆಕ್ಕದಲ್ಲಿ ಇದು ದೊಡ್ಡದಲ್ಲ.

ಆದರೆ ಆಚರಣೆಯಲ್ಲಿ ನಡೆದಿರುವುದೇನು? ೨೦೨೪ರಲ್ಲಿ ಪ್ರಕಟವಾದ ಲೆಕ್ಕಾಚಾರದ ಪ್ರಕಾರ, ೨೦೨೨ರಲ್ಲಿ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಈ ಪ್ರಮಾಣವನ್ನು ಮುಟ್ಟಿರಲಿಲ್ಲ; ೨೦೦೦ದಲ್ಲಿ ಹಾಗಿದ್ದವರು ನೂರಕ್ಕೆ ಸುಮಾರು ೨೨ ಮಂದಿ ಮಾತ್ರ. ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆಯಾಗಿ ಎಣಿಸಿದರೆ, ಗಂಡಸರಲ್ಲಿ ನೂರಕ್ಕೆ ೪೨, ಹೆಂಗಸರಲ್ಲಿ ನೂರಕ್ಕೆ ೫೭. ಇಡೀ ಪ್ರಪಂಚದ ೧೧ ರಿಂದ ೧೭ ವರ್ಷದ ಶಾಲಾ ಮಕ್ಕಳ ವಿಷಯವಾಗಿ ೨೦೧೯ರಲ್ಲಿ ಪ್ರಕಟವಾದ ಮತ್ತೊಂದು ಪರಿಶೀಲನೆಯಲ್ಲಿ, ಸಾಕಷ್ಟು ಚಲನೆಯಿಲ್ಲದ ಬಾಲಕರು ನೂರಕ್ಕೆ ೭೮, ಬಾಲಿಕೆಯರು ನೂರಕ್ಕೆ ೮೫ ಎಂದು ಕಂಡುಬಂದಿತು. ಹುಟ್ಟಿನಿಂದ ಹೆಣ್ಣು ಮಗುವು ಗಂಡು ಮಗುವಿಗಿಂತ ಕಡಮೆ ಓಡುವ ಸ್ವಭಾವವುಳ್ಳದ್ದೆಂದು ಯಾವ ತಾಯಿಯೂ ಹೇಳಲಾರಳು. ಹಾಗಾದರೆ ಈ ಅಂತರವನ್ನು ಉಂಟುಮಾಡಿದುದು ಯಾವುದು?

ಇಲ್ಲಿ ಹಳೆಯದೊಂದು ಪರಿಶೋಧನೆಯನ್ನು ಸ್ಮರಿಸುವುದು ಯುಕ್ತ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರು ದಿನವೆಲ್ಲ ಕುಳಿತೇ ಇರುತ್ತಿದ್ದನು. ಕಂಡಕ್ಟರು ಟಿಕೇಟು ಕೊಡುವುದಕ್ಕಾಗಿ ದಿನವೆಲ್ಲ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದನು. ಜೆರೆಮಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ೧೯೫೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಂಡಕ್ಟರುಗಳಿಗೆ ಡ್ರೈವರುಗಳಿಗಿಂತ ಹೃದಯರೋಗವು ಕಡಮೆಯೆಂದು ತೋರಿಸಿಕೊಟ್ಟರು. ಕಂಡಕ್ಟರನು ವ್ಯಾಯಾಮ ಮಾಡಬೇಕೆಂದು ಪ್ರತಿಜ್ಞೆ ಮಾಡಿದವನಲ್ಲ. ಡ್ರೈವರನು ಸೋಮಾರಿಯೂ ಅಲ್ಲ. ಒಬ್ಬನಿಗೆ ಮೆಟ್ಟಿಲು ದೊರೆಯಿತು, ಮತ್ತೊಬ್ಬನಿಗೆ ಪೀಠ ದೊರೆಯಿತು, ವ್ಯತ್ಯಾಸವಿಷ್ಟೇ. ನಮ್ಮ ಮಕ್ಕಳ ವಿಷಯದಲ್ಲಿಯೂ, ಅವರವರ ಪರಿಸರವು ಮೆಟ್ಟಿಲನ್ನು ಕೊಟ್ಟಿದೆಯೋ ಪೀಠವನ್ನು ಕೊಟ್ಟಿದೆಯೋ ಎಂದು ಕೇಳಬೇಕಾಗಿದೆ.

೨. ಹೆಮ್ಮಿಗೆಯ ಸೀಮೆ

ನಂಜನಗೂಡಿನ ಕಡೆಯಿಂದ ಹರಿದುಬರುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಕಾವೇರಿಯ ಎರಡು ದಡಗಳಲ್ಲಿಯೂ ಹಬ್ಬಿರುವುದು ಹೊಳೆಯ ನೀರಿನಿಂದ ಬೆಳೆಯುವ ಗದ್ದೆಬಯಲು. ತಲಕಾಡಿನ ಸಮೀಪದ ಮಾಧವಮಂತ್ರಿ ಅಣೆಕಟ್ಟೆಯು ವಿಜಯನಗರದ ಅರಸರ ಕಾಲಕ್ಕೆ ಸೇರಿದುದು. ಇಂತಹ ಪುರಾತನವಾದ ಕಟ್ಟೆಕಾಲುವೆಗಳ ನೀರಿನಿಂದ ಭತ್ತವನ್ನೂ ಕಬ್ಬನ್ನೂ ಬೆಳೆಯುತ್ತಾ ಬಂದ ಸೀಮೆಯಲ್ಲಿ ಹೆಮ್ಮಿಗೆಯೇ ಮೊದಲಾದ ಊರುಗಳಿವೆ. ನೋಡುವವರ ಕಣ್ಣಿಗೆ ಎಲ್ಲೆಲ್ಲಿಯೂ ಬಯಲೇ. ಆಡುವುದಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳವುಂಟೇ ಎನಿಸುವುದು.

ಆದರೆ ಬಯಲೆಲ್ಲ ಮೈದಾನವಲ್ಲ. ನೀರಾವರಿಯ ಭೂಮಿಯು ಬೆಲೆಯುಳ್ಳದ್ದು. ಅದರಲ್ಲಿ ಒಂದು ಅಂಗುಲವನ್ನೂ ಸುಮ್ಮನೆ ಬಿಡುವ ರೈತನಿಲ್ಲ. ಗದ್ದೆಯ ಬದುವಿನ ಮೇಲೆ ಒಬ್ಬರು ನಡೆಯಬಹುದೇ ಹೊರತು ಹತ್ತು ಮಂದಿ ಆಡಲಾಗದು. ಕಾಲುವೆಯ ಏರಿಯು ನಡಿಗೆಗೆ ಒಳ್ಳೆಯದಾದರೂ, ಒಂದು ಮಗ್ಗುಲಲ್ಲಿ ನೀರು, ಮತ್ತೊಂದು ಮಗ್ಗುಲಲ್ಲಿ ಆಳೆತ್ತರದ ಕಬ್ಬು ಇರುವುದರಿಂದ ಹೊತ್ತು ಇಳಿದ ಮೇಲೆ ಹೆಣ್ಣುಮಕ್ಕಳು ಒಂಟಿಯಾಗಿ ಹೋಗಲಂಜುವರು. ಹೊಳೆಯು ರಮ್ಯವಾದುದು, ಅದರ ಮಡುಗಳಾದರೋ ಅಪಾಯಕರ. ಡಾಂಬರು ರಸ್ತೆಯಲ್ಲಿ ಕಬ್ಬಿನ ಲಾರಿಗಳೂ ಟ್ರ್ಯಾಕ್ಟರುಗಳೂ ಮೋಟಾರು ಸೈಕಲ್ಲುಗಳೂ ಓಡಾಡುತ್ತಿರುವುವು. ಪಾದಚಾರಿಗೆ ಉಳಿದುದು ರಸ್ತೆಯ ಅಂಚಿನ ಮಣ್ಣು ಮಾತ್ರ. ಹೀಗೆ ಹಸುರಿನ ನಡುವೆ ಇದ್ದುಕೊಂಡೂ ಬಾಲಿಕೆಗೆ ಓಡುವುದಕ್ಕೆ ಸ್ಥಳವಿಲ್ಲದಂತಾಗುವುದು. ಪಟ್ಟಣದವರು ಹಳ್ಳಿಯ ಮಕ್ಕಳಿಗೆ ವ್ಯಾಯಾಮದ ಕೊರತೆಯೇ ಇಲ್ಲವೆಂದು ಭಾವಿಸುವರು. ಅದು ಯಾವಾಗಲೂ ನಿಜವಲ್ಲ.

ಹಿಂದಿನ ತಲೆಮಾರಿನ ಹೆಂಗಸರಿಗೆ ಆ ಕೊರತೆ ಇರಲಿಲ್ಲವೆಂಬುದು ಸತ್ಯ. ಬಾವಿಯಿಂದಲೋ ಹೊಳೆಯಿಂದಲೋ ನೀರು ತರುವುದು, ಒರಳಿನಲ್ಲಿ ಭತ್ತ ಕುಟ್ಟುವುದು, ಬೀಸುವ ಕಲ್ಲಿನಲ್ಲಿ ರಾಗಿ ಬೀಸುವುದು, ಗದ್ದೆಯಲ್ಲಿ ಸಾಲಾಗಿ ನಿಂತು ನಾಟಿ ಹಾಕುವುದು, ಕಳೆ ಕೀಳುವುದು ಇವೆಲ್ಲ ಕಠಿನವಾದ ದುಡಿಮೆಗಳು. ಅದನ್ನು ನಾವು ಹೊಗಳಿ ಹಾಡುವುದಕ್ಕೆ ಒಪ್ಪುವುದಿಲ್ಲ. ಬೆನ್ನು ಬಗ್ಗಿಸಿ ದಿನವೆಲ್ಲ ದುಡಿದವಳಿಗೆ ಅದು ಆರೋಗ್ಯವನ್ನು ಮಾತ್ರವೇ ಅಲ್ಲ, ನೋವನ್ನೂ ಕೊಟ್ಟಿತು. ಇಂದಿಗೂ ಗದ್ದೆಗೆಲಸದಿಂದ ಮನೆಗೆ ಬಂದ ಹೆಂಗಸಿಗೆ ವ್ಯಾಯಾಮದ ಉಪದೇಶ ಮಾಡುವುದು ಅವಿವೇಕ. ಆಕೆಗೆ ಬೇಕಾದುದು ವಿಶ್ರಾಂತಿ, ಹೊಟ್ಟೆ ತುಂಬ ಊಟ. ಮನೆಯ ಬಾಗಿಲಿಗೆ ನಲ್ಲಿ ಬಂದುದು, ಹಿಟ್ಟಿನ ಗಿರಣಿ ಬಂದುದು, ಊರಿಗೆ ಬಸ್ಸು ಬಂದುದು ಸ್ತ್ರೀಯರಿಗೆ ಉಪಕಾರವೇ ಸರಿ.

ಆದರೂ ಒಂದು ಮಾತನ್ನು ಗಮನಿಸಬೇಕು. ದುಡಿಮೆಯು ಹೋಯಿತು, ಅದರ ಸ್ಥಳಕ್ಕೆ ಆಟವಾಗಲಿ ನಡಿಗೆಯಾಗಲಿ ಬರಲಿಲ್ಲ. ಬಾವಿಕಟ್ಟೆಗೆ ಹೋಗುತ್ತಿದ್ದ ತಾಯಿಯು ನೀರನ್ನು ಮಾತ್ರವೇ ತರುತ್ತಿರಲಿಲ್ಲ. ಅಲ್ಲಿ ನಾಲ್ಕು ಮನೆಯವರೊಡನೆ ಕಲೆತು ಬರುತ್ತಿದ್ದಳು. ಮನೆಯಿಂದ ಹೊರಕ್ಕೆ ಹೊರಡುವುದಕ್ಕೆ ಆಕೆಗೆ ಕೊಡವೇ ಅಪ್ಪಣೆ ಚೀಟಿಯಾಗಿತ್ತು. ಮಗಳಾದರೋ ಓದಿದವಳು, ಗದ್ದೆಗೆ ಹೋಗುವವಳಲ್ಲ, ನೀರಿಗೆ ಹೋಗಬೇಕಾದುದಿಲ್ಲ. ಶಾಲೆಯಿಂದ ಬಂದು ಪುಸ್ತಕದ ಮುಂದೆ ಕುಳಿತಳು. ಆ ಮೇಲೆ ದೂರದರ್ಶನದ ಮುಂದೆ, ಈಗ ಕೈಯಲ್ಲಿರುವ ಫೋನಿನ ಮುಂದೆ ಕುಳಿತಳು. ಹೊರಗೆ ಹೊರಡುವುದಕ್ಕೆ ಆಕೆಗೆ ನೆಪವಿಲ್ಲ. “ಸುಮ್ಮನೆ ನಡೆದು ಬರುತ್ತೇನೆ” ಎಂಬುದು ಗಂಡುಮಗನ ಬಾಯಲ್ಲಿ ಸಹಜವಾದ ಮಾತು. ಹೆಣ್ಣುಮಗಳ ಬಾಯಲ್ಲಿ ಅದು ವಿವರಣೆ ಕೊಡಬೇಕಾದ ಮಾತು. ಲೆಕ್ಕಾಚಾರದಲ್ಲಿ ನಾವು ಕಂಡ ೪೨ಕ್ಕೂ ೫೭ಕ್ಕೂ ನಡುವಣ ಅಂತರವು ಬಹುಮಟ್ಟಿಗೆ ಹುಟ್ಟಿರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

೩. ಕಾಯುವ ಕಣ್ಣು, ಕಾಡುವ ಕಣ್ಣು

ನೆರೆಹೊರೆಯೆಂದರೆ ಮಣ್ಣು ಕಲ್ಲುಗಳು ಮಾತ್ರವಲ್ಲ. ಅಲ್ಲಿಯ ಜನರೂ ಹೌದು. ನಮ್ಮ ಹಳೆಯ ಮನೆಗಳಿಗೆ ಬೀದಿಯ ಕಡೆಗೆ ಜಗಲಿ ಇರುತ್ತಿತ್ತು. ಸಂಜೆಯ ಹೊತ್ತು ಅಜ್ಜಿಯರೂ ಅತ್ತೆಯರೂ ಅಲ್ಲಿ ಕುಳಿತು ಅಕ್ಕಿಯನ್ನು ಆರಿಸುತ್ತಲೋ ಹೂ ಕಟ್ಟುತ್ತಲೋ ಇರುವರು. ಅವರ ಕಣ್ಣ ಮುಂದೆ ಹುಡುಗಿಯರು ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ, ಲಗೋರಿ, ಹಗ್ಗದಾಟ ಇವುಗಳನ್ನು ಆಡುವರು. ಮಕ್ಕಳನ್ನು ಕಾಯುವುದಕ್ಕೆಂದು ಯಾರನ್ನೂ ನೇಮಿಸಿರಲಿಲ್ಲ. ಆದರೂ ಮಕ್ಕಳು ಕಾವಲಿನಲ್ಲಿಯೇ ಇದ್ದರು. ಅಮೆರಿಕದ ಜೇನ್ ಜೇಕಬ್ಸ್ ಎಂಬ ಲೇಖಕಿಯು ೧೯೬೧ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಮಹಾನಗರಗಳ ವಿಷಯವಾಗಿ ಇದೇ ತತ್ತ್ವವನ್ನು ಪ್ರತಿಪಾದಿಸಿದರು: ಬೀದಿಯನ್ನು ಕ್ಷೇಮವಾಗಿಡುವುದು ಪೊಲೀಸರಿಗಿಂತಲೂ ಹೆಚ್ಚಾಗಿ ಅಲ್ಲಿಯ ನಿವಾಸಿಗಳ ಮತ್ತು ಅಂಗಡಿಯವರ ಕಣ್ಣುಗಳು. ಜಗಲಿಯುಳ್ಳ ನಮ್ಮ ಊರುಗಳಿಗೆ ಇದು ಹೊಸ ತತ್ತ್ವವಲ್ಲ.

ಆದರೆ ಕಣ್ಣುಗಳಲ್ಲಿ ಎರಡು ವಿಧ. ಒಂದು ಕಾಯುವ ಕಣ್ಣು, ಮತ್ತೊಂದು ಕಾಡುವ ಕಣ್ಣು. ಮೊದಲನೆಯದು, “ಮಗು, ಹೊತ್ತಾಯಿತು, ನಿಮ್ಮಮ್ಮ ಬರುವವರೆಗೆ ನಾನಿಲ್ಲೇ ಕುಳಿತಿರುತ್ತೇನೆ, ಆಡಿಕೊ” ಎನ್ನುವುದು. ಎರಡನೆಯದು, “ಇಷ್ಟು ದೊಡ್ಡವಳಾಗಿ ಬೀದಿಯಲ್ಲಿ ಕುಣಿಯುತ್ತಾಳಲ್ಲ, ಇವಳ ತಾಯಿಗೆ ಹೇಳುವವರಿಲ್ಲವೇ?” ಎನ್ನುವುದು. ನೆರೆಯ ಬಾಂಧವ್ಯವು ಬಿಗಿಯಾಗಿದ್ದ ಮಾತ್ರಕ್ಕೆ ಹೆಣ್ಣುಮಕ್ಕಳಿಗೆ ಹಿತವಾಗುವುದೆಂದು ಹೇಳಲಾಗದು. ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲ ಊರಿನಲ್ಲಿಯೇ ಒಂದು ಮಾತು ಅತಿ ಬೇಗ ಹರಡುವುದು. ತಂದೆಯು ಮಗಳ ಓಟವನ್ನು ನಿಲ್ಲಿಸುವುದು ಅನೇಕ ವೇಳೆ ತನ್ನ ಇಷ್ಟದಿಂದಲ್ಲ, ನಾಲ್ಕು ಜನರ ಮಾತಿಗಂಜಿ. ಆ ನಾಲ್ಕು ಜನರಲ್ಲಿ ನಾವೂ ಒಬ್ಬರಾಗಿರುವೆವೋ ಎಂದು ಪ್ರತಿಯೊಬ್ಬ ವಾಚಕರೂ ಆಲೋಚಿಸಬೇಕಾಗಿದೆ.

ಅದೇ ಬಾಂಧವ್ಯವು ಅನುಕೂಲವಾಗಿ ತಿರುಗಿದಾಗ ಅದರ ಶಕ್ತಿಯನ್ನು ನೋಡಿರಿ. ಶಿವರಾತ್ರಿಯ ಕಾಲದಲ್ಲಿ ಮೈಸೂರು, ಚಾಮರಾಜನಗರ ಸೀಮೆಗಳಿಂದ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಜನರು ತಂಡ ತಂಡವಾಗಿ ಕಾಲ್ನಡಿಗೆಯಲ್ಲಿ ಹೋಗುವರು. ಅವರಲ್ಲಿ ಹೆಂಗಸರೂ ಉಂಟು. ಒಂಟಿಯಾಗಿ ಎರಡು ಮೈಲಿ ನಡೆಯಲು ಹಿಂಜರಿಯುವ ಗೃಹಿಣಿಯು ತಂಡದ ನಡುವೆ ದಿನಗಟ್ಟಲೆ ನಡೆದು ಘಾಟಿಯನ್ನು ಹತ್ತುವಳು. ಆಕೆಯ ಕಾಲಿನ ಶಕ್ತಿಯು ಒಂದು ವಾರದೊಳಗೆ ಹೆಚ್ಚಿತೇ? ಇಲ್ಲ. ಜೊತೆ ದೊರೆಯಿತು, ಸಮ್ಮತಿ ದೊರೆಯಿತು, ದಾರಿಯಲ್ಲಿ ನೀರುಮಜ್ಜಿಗೆ ಕೊಡುವವರು ದೊರೆತರು. ಇವು ಮೂರೂ ಕೂಡಿದಲ್ಲಿ ದೇಹವು ತಾನಾಗಿಯೇ ಏಳುವುದು.

೪. ಕುರುಬೂರಿನ ದೃಷ್ಟಾಂತ

ಇದಕ್ಕೆ ದೂರ ಹೋಗಿ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಹೆಮ್ಮಿಗೆಯಿರುವ ನರಸೀಪುರ ತಾಲ್ಲೂಕಿನಲ್ಲಿಯೇ ಕುರುಬೂರು ಎಂಬ ಗ್ರಾಮವಿದೆ. ೨೦೨೫ರ ಜನವರಿಯಲ್ಲಿ ಹೊಸ ದೆಹಲಿಯಲ್ಲಿ ಖೋ-ಖೋ ಆಟದ ಪ್ರಪ್ರಥಮ ವಿಶ್ವಕಪ್ ಪಂದ್ಯಗಳು ನಡೆದುವು. ಜನವರಿ ೧೯ರಂದು ನಡೆದ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರ ತಂಡವು ನೇಪಾಳದ ತಂಡವನ್ನು ೭೮–೪೦ ಅಂಕಗಳಿಂದ ಜಯಿಸಿತು. ಆ ತಂಡದಲ್ಲಿದ್ದು, ಅಂತಿಮ ಪಂದ್ಯದ ಉತ್ತಮ ಆಟಗಾರ್ತಿಯೆಂಬ ಬಹುಮಾನವನ್ನು ಪಡೆದ ಕುಮಾರಿ ಬಿ. ಚೈತ್ರಾ ಅವರು ಕುರುಬೂರಿನ ರೈತ ಕುಟುಂಬಕ್ಕೆ ಸೇರಿದವರು. ಆಟವನ್ನು ಕಲಿತುದು ತಮ್ಮ ಊರಿನ ಶಾಲೆಯಲ್ಲಿ, ದೈಹಿಕ ಶಿಕ್ಷಣದ ಉಪಾಧ್ಯಾಯರ ಕೈಕೆಳಗೆ. ಅವರೊಬ್ಬರೇ ಅಲ್ಲ, ಅದೇ ಗ್ರಾಮದ ಬೇರೆ ಬಾಲಿಕೆಯರೂ ರಾಜ್ಯದ ಪರವಾಗಿ ಖೋ-ಖೋ ಆಡಿದವರುಂಟು.

ಒಂದು ಹಳ್ಳಿಯಲ್ಲಿ ಒಬ್ಬ ಸಮರ್ಥಳಾದ ಆಟಗಾರ್ತಿಯು ಹುಟ್ಟಿದರೆ ಅದನ್ನು ದೈವದತ್ತವೆನ್ನಬಹುದು. ಹಲವರು ಬಂದರೆ ಅದು ಆ ಊರಿನ ಪರಿಸರದ ಫಲವೆಂದೇ ಹೇಳಬೇಕು. ಖೋ-ಖೋ ಆಟಕ್ಕೆ ಬೇಕಾದ ಸಾಧನಗಳು ಬಹಳ ಸ್ವಲ್ಪ: ಸಮನಾದ ಒಂದು ತುಂಡು ನೆಲ, ಎರಡು ಕಂಬ. ಬೆಲೆಯುಳ್ಳ ಚೆಂಡು, ಬ್ಯಾಟು ಯಾವುದೂ ಬೇಡ. ೧೯೧೪ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದವರು ಇದರ ನಿಯಮಗಳನ್ನು ಕ್ರಮಪಡಿಸಿದ ಮೇಲೆ ಇದು ಶಾಲೆಗಳಲ್ಲಿ ಬೇಗ ಹರಡಿತು. ಆದರೆ ಇದನ್ನು ಒಬ್ಬಳೇ ಆಡಲಾಗದು. ರೂಢಿಯ ನಿಯಮದಂತೆ ಎಂಟು ಮಂದಿ ಸಾಲಾಗಿ, ಒಬ್ಬರ ಮುಖ ಒಂದು ಕಡೆಗೆ, ಮಗ್ಗುಲಿನವರ ಮುಖ ಮತ್ತೊಂದು ಕಡೆಗೆ ಕುಳಿತಿರುವರು. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುವಳು. ಕುಳಿತವಳು ತಾನಾಗಿ ಏಳುವಂತಿಲ್ಲ. ಗೆಳತಿಯು ಹಿಂದಿನಿಂದ ಬಂದು ಬೆನ್ನು ಮುಟ್ಟಿ “ಖೋ” ಎಂದಾಗಲೇ ಎದ್ದು ಓಡಬೇಕು. ಹೀಗಾಗಿ ಈ ಆಟವು ಉಳಿಯಬೇಕಾದರೆ ಒಂದು ಊರಿನಲ್ಲಿ ಹತ್ತಾರು ಮನೆಗಳು ಏಕಕಾಲದಲ್ಲಿ ತಮ್ಮ ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕಳುಹಿಸಲು ಒಪ್ಪಬೇಕು.

ಈ ಒಪ್ಪಿಗೆಯೇ ಮುಖ್ಯವಾದ ವಿಷಯ. ಒಂದು ಮನೆಯವರು ಮಾತ್ರ ಕಳುಹಿಸಿದರೆ ಆ ಹುಡುಗಿಯು ಊರಿನ ಮಾತಿಗೆ ಗುರಿಯಾಗುವಳು. ಹತ್ತು ಮನೆಯವರು ಕಳುಹಿಸಿದರೆ ಅದು ಊರಿನ ಪದ್ಧತಿಯಾಗುವುದು. ಮೊದಲಿನ ತಂಡದ ಹುಡುಗಿಯರು ಕ್ಷೇಮವಾಗಿ ಮನೆಗೆ ಬಂದು, ಪಾಠದಲ್ಲಿಯೂ ಹಿಂದುಳಿಯದೆ ಇರುವುದನ್ನು ಕಂಡ ಮೇಲೆ ಎರಡನೆಯ ತಂಡಕ್ಕೆ ಅಡ್ಡಿ ಕಡಮೆಯಾಗುವುದು. ಇಂತಹ ಕಾರ್ಯವು ವಿಶ್ವಾಸದ ಮೇಲೆ ನಿಲ್ಲತಕ್ಕುದು. ಒಬ್ಬ ಉಪಾಧ್ಯಾಯರಲ್ಲಿ ತಾಯಿತಂದೆಗಳಿಗೆ ನಂಬಿಕೆ ಹುಟ್ಟುವುದಕ್ಕೆ ವರ್ಷಗಳೇ ಬೇಕಾಗುವುವು. ವಿಶ್ವಕಪ್ಪು ಎಲ್ಲ ಊರಿಗೂ ಬಾರದು. ಆದರೆ ಸಂಜೆಯ ಆಟವು ಎಲ್ಲ ಊರಿಗೂ ಬರಬಹುದು.

೫. ಅನ್ಯಸ್ಥಳಗಳ ಸಾಕ್ಷ್ಯ

ನಮ್ಮ ತಾಲ್ಲೂಕಿನ ಈ ಅನುಭವಕ್ಕೆ ಬೇರೆ ಸ್ಥಳಗಳ ಪರಿಶೀಲನೆಗಳೂ ಆಧಾರವನ್ನು ಕೊಡುತ್ತವೆ. ಹತ್ತು ದೇಶಗಳ ೧೪ ನಗರಗಳಲ್ಲಿ ಸುಮಾರು ೬,೮೦೦ ಮಂದಿ ವಯಸ್ಕರನ್ನು ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನಡಿಗೆಗೆ ಬಹಳ ಅನುಕೂಲವಾದ ನೆರೆಹೊರೆಗಳಲ್ಲಿ ವಾಸಿಸುವವರು ಅನುಕೂಲವಿಲ್ಲದ ಕಡೆಗಳಲ್ಲಿ ವಾಸಿಸುವವರಿಗಿಂತ ವಾರಕ್ಕೆ ೬೮ ರಿಂದ ೮೯ ನಿಮಿಷಗಳಷ್ಟು ಹೆಚ್ಚಾಗಿ ದೇಹಶ್ರಮ ಮಾಡುತ್ತಿದ್ದರೆಂದು ತಿಳಿದುಬಂದಿತು. ಅನುಕೂಲವೆಂದರೆ ಒತ್ತಾಗಿರುವ ಮನೆಗಳು, ಒಂದಕ್ಕೊಂದು ಕೂಡುವ ಬೀದಿಗಳು, ಸಮೀಪದಲ್ಲಿ ಬಸ್ಸು ನಿಲ್ಲುವ ಸ್ಥಳಗಳು, ನಡೆದು ಹೋಗುವಷ್ಟು ದೂರದಲ್ಲಿ ಉದ್ಯಾನಗಳು. ವಾರಕ್ಕೆ ಬೇಕಾದ ೧೫೦ ನಿಮಿಷಗಳಲ್ಲಿ ಸುಮಾರು ಅರ್ಧವನ್ನು ಹೀಗೆ ಊರಿನ ಕಟ್ಟಡವೇ ಕೊಟ್ಟಂತಾಯಿತು.

ಎರಡನೆಯ ಸಾಕ್ಷ್ಯವು ನೆರೆಯ ಚೆನ್ನೈ ನಗರದ್ದು. ಅಲ್ಲಿಯ ಮಧ್ಯಮ ವರ್ಗದವರ ಒಂದು ಬಡಾವಣೆಯಲ್ಲಿ ಸಕ್ಕರೆ ಕಾಯಿಲೆಯ ಪರಿಶೀಲನೆಗೆಂದು ಬಂದ ವೈದ್ಯರು ಜನರಿಗೆ ವ್ಯಾಯಾಮದ ಪ್ರಯೋಜನವನ್ನು ತಿಳಿಸಿಕೊಟ್ಟರು. ಕೇಳಿದ ನಿವಾಸಿಗಳು ಮನೆಗೆ ಹೋಗಿ ಸುಮ್ಮನಾಗಲಿಲ್ಲ; ತಾವೇ ಹಣ ಕೂಡಿಸಿ ಒಂದು ಉದ್ಯಾನವನ್ನು ನಿರ್ಮಿಸಿದರು. ಮೊದಲು ವಾರಕ್ಕೆ ಮೂರು ಬಾರಿಗಿಂತ ಹೆಚ್ಚಾಗಿ ವ್ಯಾಯಾಮ ಮಾಡುತ್ತಿದ್ದವರು ನೂರಕ್ಕೆ ೧೪ ಮಂದಿ. ೨೦೦೬ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅದು ನೂರಕ್ಕೆ ೫೮ಕ್ಕೂ ಮೇಲಾಗಿ ಏರಿತು. ಉಪದೇಶವೊಂದರಿಂದಲೇ ಇದು ಆಗಲಿಲ್ಲ, ಉದ್ಯಾನವೊಂದರಿಂದಲೂ ಆಗಲಿಲ್ಲ. ತಾವು ಕೂಡಿ ಕಟ್ಟಿದ ಸ್ಥಳವಾದುದರಿಂದ ಅಲ್ಲಿಗೆ ಕೂಡಿ ಹೋದರು.

ಮೂರನೆಯದು ಬೈಸಿಕಲ್ಲಿನ ಸಾಕ್ಷ್ಯ. ನಮ್ಮ ರಾಜ್ಯದಲ್ಲಿ ೨೦೦೬–೦೭ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಬೈಸಿಕಲ್ಲುಗಳನ್ನು ಹಂಚುವ ಯೋಜನೆಯು ಆರಂಭವಾಗಿ ಅನೇಕ ವರ್ಷಗಳ ಕಾಲ ನಡೆಯಿತು. ೨೦೦೬ರಲ್ಲಿಯೇ ಬಿಹಾರ ರಾಜ್ಯದಲ್ಲಿ ಹೈಸ್ಕೂಲು ಸೇರುವ ಬಾಲಿಕೆಯರಿಗೆ ಬೈಸಿಕಲ್ಲಿಗಾಗಿ ಹಣ ಕೊಡುವ ಯೋಜನೆ ಬಂದಿತು. ಅದರ ಫಲವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಪರಿಶೀಲಿಸಿ ೨೦೧೭ರಲ್ಲಿ ಪ್ರಕಟಿಸಿದ ಲೇಖನದಂತೆ, ಬಾಲಿಕೆಯರ ಹೈಸ್ಕೂಲು ಪ್ರವೇಶವು ನೂರಕ್ಕೆ ೩೨ರಷ್ಟು ಹೆಚ್ಚಿತು. ಬಾಲಕ ಬಾಲಿಕೆಯರ ನಡುವಣ ಅಂತರವು ನೂರಕ್ಕೆ ೪೦ರಷ್ಟು ತಗ್ಗಿತು. ಊರಿನ ಹುಡುಗಿಯರಿಗೆಲ್ಲ ಒಟ್ಟಿಗೆ ಬೈಸಿಕಲ್ಲು ದೊರೆತುದರಿಂದ ಅವರು ಗುಂಪಾಗಿ ಹೊರಟರು. ಒಬ್ಬ ಹುಡುಗಿಯು ಬೈಸಿಕಲ್ಲು ಏರಿದರೆ ಸುದ್ದಿ. ಇಪ್ಪತ್ತು ಹುಡುಗಿಯರು ಏರಿದರೆ ಅದು ಶಾಲೆಗೆ ಹೋಗುವ ದಾರಿ.

೬. ಶಾಲೆಯ ಗೋಡೆಯೂ ಊರಿನ ಬೀದಿಯೂ

ಹೆಣ್ಣುಮಕ್ಕಳಿಗೆ ಓದು ಬೇಕೇ ಎಂದು ಜನರು ಚರ್ಚಿಸುತ್ತಿದ್ದ ಕಾಲದಲ್ಲಿ ಮಿಷನ್ ಬಾಲಿಕಾ ಪಾಠಶಾಲೆಗಳು ಓದಿನ ಜೊತೆಗೆ ಡ್ರಿಲ್ಲನ್ನೂ ಆಟಗಳನ್ನೂ ವೇಳಾಪಟ್ಟಿಯಲ್ಲಿ ಸೇರಿಸಿದುವು. ೧೯೨೦ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ.ಯ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದ ಮೇಲೆ ದಕ್ಷಿಣ ದೇಶದ ಶಾಲೆಗಳಿಗೆ ಈ ವಿಷಯದಲ್ಲಿ ತರಬೇತಿ ಹೊಂದಿದ ಉಪಾಧ್ಯಾಯರು ದೊರೆಯತೊಡಗಿದರು. ನಮ್ಮಂತಹ ಶಾಲೆಗಳಲ್ಲಿ ಬಾಲಿಕೆಯು ನಿರ್ಭಯವಾಗಿ ಓಡಲು ಸಾಧ್ಯವಾದುದಕ್ಕೆ ಕಾರಣವೇನೆಂದು ಯೋಚಿಸಿದರೆ ನಾಲ್ಕು ಅಂಶಗಳು ತೋರುತ್ತವೆ: ಸಮನಾದ ನೆಲ, ಗೊತ್ತಾದ ಗಂಟೆ, ಜೊತೆಗಾತಿಯರು, ನಂಬಿಕೆಗೆ ಪಾತ್ರರಾದ ಹಿರಿಯರ ಕಣ್ಣು. ಶಾಲೆಯ ಸುತ್ತಣ ಗೋಡೆಯು ಇವು ನಾಲ್ಕನ್ನೂ ಒಂದೆಡೆ ಕೂಡಿಸಿಟ್ಟಿತ್ತು.

ಶಾಲೆಯನ್ನು ಬಿಟ್ಟ ದಿನವೇ ಈ ನಾಲ್ಕೂ ಒಟ್ಟಿಗೆ ಆಕೆಯ ಕೈತಪ್ಪಿ ಹೋಗುವುವು. ಪೀಠಿಕೆಯಲ್ಲಿ ಕೇಳಿದ ಪ್ರಶ್ನೆಗೆ ಇದೇ ನಮ್ಮ ಉತ್ತರ. ಹುಡುಗಿಯು ಬದಲಾದುದಲ್ಲ, ಆಕೆಯ ಸುತ್ತಣ ಏರ್ಪಾಡು ಕಳಚಿತು. ಹೀಗಿರುವಲ್ಲಿ ಶಾಲೆಯು ಕೊಟ್ಟ ಶಿಕ್ಷಣವು ಗೋಡೆಯೊಳಗೆಯೇ ಮುಗಿದುಹೋಗದಂತೆ ನೋಡಿಕೊಳ್ಳುವುದು ಪೋಷಕರ ಮತ್ತು ಹಳೆಯ ವಿದ್ಯಾರ್ಥಿನಿಯರ ಕೆಲಸ. ಬೀದಿಗೆ ಗೋಡೆ ಕಟ್ಟಲಾಗದು. ಆದರೆ ನೆಲ, ಗಂಟೆ, ಜೊತೆ, ಕಣ್ಣು ಈ ನಾಲ್ಕನ್ನೂ ಬೀದಿಗೆ ತರಬಹುದು.

೭. ಮಾಡತಕ್ಕ ಕಾರ್ಯಗಳು

ನೆಲದ ವಿಷಯ: ಹೆಚ್ಚಿನ ಊರುಗಳಲ್ಲಿ ಸರ್ಕಾರಿ ಶಾಲೆಯ ಅಂಗಳವೊಂದೇ ಸಾರ್ವಜನಿಕವಾದ ಸಮನೆಲ. ಸಂಜೆಯ ಒಂದು ಗಂಟೆಯ ಕಾಲ ಅದನ್ನು ಹುಡುಗಿಯರಿಗಾಗಿ ತೆರೆದಿಡುವುದು, ಮುಳ್ಳುಕಂಟಿಗಳನ್ನು ಕಡಿಸುವುದು, ದಾರಿಗೆ ದೀಪ ಹಾಕಿಸುವುದು, ಶೌಚಾಲಯಕ್ಕೆ ನೀರು ಬರುವಂತೆ ಮಾಡುವುದು ಇವು ಹೆಚ್ಚು ವೆಚ್ಚದ ಕೆಲಸಗಳಲ್ಲ. ೧೯೯೩ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ನಡೆಯುವ ಗ್ರಾಮಸಭೆಯಲ್ಲಿ ಇದನ್ನು ಕೇಳಬಹುದು. ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಆ ಸ್ಥಾನಗಳಲ್ಲಿ ನಮ್ಮ ಸೋದರಿಯರು ಕುಳಿತಿರುವ ಕಡೆ ಅವರು ಚರಂಡಿಯ ಜೊತೆಗೆ ಮೈದಾನವನ್ನೂ ನೆನೆಯಲಿ.

ಗಂಟೆಯ ವಿಷಯ: “ಬಿಡುವಾದಾಗ ಆಡು” ಎಂದರೆ ಹೆಣ್ಣುಮಗಳಿಗೆ ಎಂದಿಗೂ ಬಿಡುವಾಗದು. ಐದರಿಂದ ಆರು ಎಂದು ಗೊತ್ತುಮಾಡಿ, ಆ ಹೊತ್ತಿನಲ್ಲಿ ಆಕೆಯನ್ನು ಪಾತ್ರೆಗೂ ಪೊರಕೆಗೂ ಕರೆಯದಿರಬೇಕು. ಆ ಕೆಲಸದಲ್ಲಿ ಗಂಡುಮಗನೂ ಪಾಲು ತೆಗೆದುಕೊಳ್ಳಬೇಕು. ಮಗಳ ಆಟದ ಗಂಟೆಯು ಅನೇಕ ಮನೆಗಳಲ್ಲಿ ಕಳೆದುಹೋಗುವುದು ಬೀದಿಯಲ್ಲಲ್ಲ, ಅಡಿಗೆಮನೆಯಲ್ಲಿ.

ಜೊತೆಯ ವಿಷಯ: ಒಬ್ಬ ತಾಯಿಯು ತನ್ನ ಮಗಳೊಬ್ಬಳನ್ನೇ ಕಳುಹಿಸುವುದರ ಬದಲು, ಮೊದಲು ಮಗ್ಗುಲಿನ ಎರಡು ಮೂರು ಮನೆಗಳಿಗೆ ಹೋಗಿ ಮಾತನಾಡಲಿ. ಬೆಳೆದ ಹೆಂಗಸರಿಗೂ ಇದೇ ಕ್ರಮ. ಕರ್ನಾಟಕದಲ್ಲಿ ೨೦೦೦–೦೧ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳು ಅನೇಕ ಊರುಗಳಲ್ಲಿ ನೆಲೆಗೊಂಡಿವೆ. ಉಳಿತಾಯಕ್ಕಾಗಿ ಕೂಡುವ ಸಂಘದವರು ಸಭೆಯ ತರುವಾಯ ಅರ್ಧ ಗಂಟೆ ಕೂಡಿ ನಡೆದರೆ, ಹಣದಂತೆ ಆರೋಗ್ಯವೂ ಸ್ವಲ್ಪ ಸ್ವಲ್ಪವಾಗಿ ಕೂಡುವುದು.

ಕಣ್ಣಿನ ವಿಷಯ: ಇದು ಹಳೆಯ ವಿದ್ಯಾರ್ಥಿನಿಯರಿಗೆ ವಿಶೇಷವಾಗಿ ಸೇರಿದುದು. ಶಾಲೆಯಲ್ಲಿ ಆಡಿದ ಅನುಭವವುಳ್ಳ ಒಬ್ಬಾಕೆಯು ಸಂಜೆ ಮೈದಾನದ ಅಂಚಿನಲ್ಲಿ ಕುಳಿತರೂ ಸಾಕು. ಹತ್ತು ಮನೆಯವರಿಗೆ ಧೈರ್ಯ ಬರುವುದು. ಹುಡುಗಿಯ ಉಡುಪಿನ ವಿಷಯವಾಗಿಯೋ ಮುಟ್ಟಿನ ದಿನಗಳ ವಿಷಯವಾಗಿಯೋ ಯಾರಾದರೂ ಆಕ್ಷೇಪಿಸಿದರೆ ಉತ್ತರ ಕೊಡುವವಳು ಆಕೆಯೇ. ಆರೋಗ್ಯವಂತಳಾದ ಬಾಲಿಕೆಯು ಆ ದಿನಗಳಲ್ಲಿಯೂ ತನಗೆ ಹಿತವಾದಷ್ಟು ಆಡಬಹುದೆಂಬುದನ್ನು ತಾಯಂದಿರಿಗೆ ತಿಳಿಸಿಹೇಳುವುದಕ್ಕೆ ನೆರೆಯ ಅಕ್ಕನಿಗಿಂತ ತಕ್ಕವರಿಲ್ಲ.

ಇವೆಲ್ಲವನ್ನೂ ಒಂದೇ ತಿಂಗಳಿನಲ್ಲಿ ಮಾಡಿ ಮುಗಿಸಬೇಕೆಂದು ನಾವು ಹೇಳುವುದಿಲ್ಲ. ಒಂದು ಬೀದಿಯವರು ಒಂದನ್ನು ಆರಂಭಿಸಲಿ. ಹದಿಮೂರು ವರ್ಷದ ಮಗುವಿಗೆ ಕಾಲವು ಬೇಗ ಕಳೆಯುವುದು; ನಾವು ಆಲೋಚಿಸುತ್ತಿರುವ ಎರಡು ವರ್ಷಗಳೊಳಗೆ ಆಕೆಯು ಕುಳಿತೇ ಇರುವುದನ್ನು ಕಲಿತುಬಿಟ್ಟಿರುವಳು.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

೧. ನಮ್ಮ ಮನೆಯಿಂದ ಕಾಲು ಗಂಟೆಯ ನಡಿಗೆಯೊಳಗೆ ಹುಡುಗಿಯರು ನಿರ್ಭಯವಾಗಿ ಓಡಬಹುದಾದ ಸ್ಥಳ ಯಾವುದು? ಇಲ್ಲದಿದ್ದರೆ ಅಡ್ಡಿಯಾಗಿರುವುದು ಯಾವುದು: ನೆಲವೋ, ದೀಪವೋ, ವಾಹನವೋ, ಜನರ ಮಾತೋ?

೨. ನಮ್ಮ ಮನೆಯ ಗಂಡುಮಗನೂ ಹೆಣ್ಣುಮಗಳೂ ನಿನ್ನೆ ಸಂಜೆ ಐದರಿಂದ ಏಳರವರೆಗೆ ಏನೇನು ಮಾಡಿದರು? ಎರಡನ್ನೂ ಒಂದು ಕಾಗದದ ಮೇಲೆ ಬರೆದು ಹೋಲಿಸಿರಿ.

೩. ನೆರೆಯ ಮನೆಯ ಹುಡುಗಿಯು ಬೀದಿಯಲ್ಲಿ ಆಡುವುದನ್ನು ಕಂಡಾಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತು ಯಾವುದು? ಅದು ಕಾಯುವ ಮಾತೋ, ಕಾಡುವ ಮಾತೋ?

೪. ಶಾಲೆಯಲ್ಲಿ ನಮ್ಮೊಡನೆ ಆಡಿದ ಗೆಳತಿಯರಲ್ಲಿ ಇಂದು ನಮ್ಮ ಸಮೀಪದಲ್ಲಿರುವವರು ಯಾರು? ಅವರೊಡನೆ ಕೂಡಿ ನಡೆಯುವುದಕ್ಕೆ ವಾರದಲ್ಲಿ ಯಾವ ದಿನ ಅನುಕೂಲ?